ಸಿಹಿ ನೀರು ಬಂದ ಮೇಲೆ

ಬೆಳಿಗ್ಗೆ ಕಾರ್ಖಾನೆಗೆ ಬಂದ ಕೂಡಲೇ ಯಂಕೋಬ ಮಾಡುತ್ತಿದ್ದ ಮೊದಲ ಕೆಲಸ ಒಂದೇ. ಏಣಿ ಹತ್ತಿ, ಉಕ್ಕಿನ ಟೊಳ್ಳು ಕಂಬದ ಮುಚ್ಚಳ ತೆಗೆದು, ಒಳಗಿನಿಂದ ಕಾಳಿನಷ್ಟು ದೊಡ್ಡ ಒಂದು ಗುಂಡನ್ನು ಚಮಚದಲ್ಲಿ ಎತ್ತಿ, ಹೆಬ್ಬೆರಳು ತೋರುಬೆರಳಿನ ನಡುವೆ ಇಟ್ಟು ಒತ್ತಿ ನೋಡುವುದು. ಗುಂಡು ಬೆರಳಿಗೆ ಎದುರಾಡಬೇಕು. ಚಪ್ಪಟೆಯಾದರೂ ಬಿಟ್ಟ ಮೇಲೆ ಮತ್ತೆ ದುಂಡಗಾಗಬೇಕು. ಬೇಸಿಗೆಯುದ್ದಕ್ಕೂ ಹಾಗೇ ಇತ್ತು. 1991ರ ಜುಲೈ ಕೊನೆಯ ಆ ದಿನ ಗುಂಡು ಬೆರಳ ನಡುವೆ ಒಡೆದು ಅಂಟಿಕೊಂಡಿತು. ಇನ್ನೊಂದನ್ನು ಎತ್ತಿದ. ಅದೂ ಹಾಗೇ.

ಕೆಳಗೆ ವಾಲ್ವ್ ತಿರುಗಿಸುತ್ತಿದ್ದ ಫಿಟ್ಟರ್ ದುರುಗಪ್ಪ ತಲೆ ಎತ್ತಿದ.

"ಏನಾತ್ರಿ ಸಾಹೇಬ್ರ?"

"ಮೆತ್ತಗಾಗ್ಯಾವ."

"ನಿನ್ನಿ ಬರೋಬರಿ ಇದ್ವಲ್ರಿ."

"ನಿನ್ನಿನೂ ಒಂದೀಟು ಮೆತ್ತಗ ಇದ್ವು. ನಾ ಯಾರಿಗೂ ಹೇಳ್ಲಿಲ್ಲ."

ಕಾರ್ಖಾನೆ ಸಿಂಧನೂರಿನಿಂದ ಮಸ್ಕಿಗೆ ಹೋಗುವ ರಸ್ತೆಯಲ್ಲಿ, ಗದ್ದೆಗಳು ಮುಗಿದು ಜೋಳದ ಹೊಲ ಶುರುವಾಗುವ ಕಡೆ ಇತ್ತು. ಸಿಂಧನೂರಿನ ಅಕ್ಕಿ ಮಿಲ್ಲುಗಳಲ್ಲಿ ಉಳಿಯುವ ನುಚ್ಚು ಇಲ್ಲಿಗೆ ಬರುತ್ತಿತ್ತು. ಅದನ್ನು ಆಮ್ಲ ಹಾಕಿ ಕುದಿಸಿ, ಅದರ ಪಿಷ್ಟವನ್ನು ಸಕ್ಕರೆಯಾಗಿಸಿ, ಸೋಡಾ ಬೆರೆಸಿ ಹುಳಿ ಇಳಿಸಿ, ತಣಿಸಿದರೆ ತೆಳ್ಳನೆಯ ಸಿಹಿ ದ್ರವ ಸಿಗುತ್ತದೆ. ಕೆಲಸಗಾರರು ಅದಕ್ಕೆ ಗಂಜಿ ಅನ್ನುತ್ತಿದ್ದರು. ಗಂಜಿಗೆ ಯೀಸ್ಟ್ ಬೆರೆಸಿ ಹುದುಗಿಸಿದರೆ ಸಕ್ಕರೆಯೆಲ್ಲ ಮದ್ಯಸಾರವಾಗುತ್ತದೆ. ಅದನ್ನು ಬಟ್ಟಿ ಇಳಿಸಿ, ಅಬಕಾರಿಯವರ ಬೀಗದ ಟ್ಯಾಂಕಿನಲ್ಲಿ ತುಂಬಿಸಿ, ಹೈದರಾಬಾದಿನ ಬಣ್ಣದ ಕಾರ್ಖಾನೆಗಳಿಗೆ ಕಳಿಸುತ್ತಿದ್ದರು.

ತೊಂದರೆ ಇದ್ದದ್ದು ಹುದುಗಿಸುವ ಮನೆಯಲ್ಲಿ. ಯೀಸ್ಟ್ ಜೀವವಿರುವ ವಸ್ತು. ಸಿಂಧನೂರಿನ ಏಪ್ರಿಲ್, ಮೇ ಬಿಸಿಲಿಗೆ ಅದು ಅರ್ಧ ಕೆಲಸ ಮಾಡಿ ಸಾಯುತ್ತಿತ್ತು. ಉಳಿದ ದಿನಗಳಲ್ಲೂ ಒಂದು ಟ್ಯಾಂಕು ಹುದುಗಿದ ಮೇಲೆ ಯೀಸ್ಟೆಲ್ಲ ಗಂಜಿಯ ಜೊತೆ ಹರಿದುಹೋಗಿ, ಮತ್ತೆ ಹೊಸದಾಗಿ ಬೆಳೆಸಬೇಕಾಗುತ್ತಿತ್ತು. ಮಾಲೀಕ ಗೋಪಣ್ಣನಿಗೆ ಇದು ಸಾಕಾಗಿತ್ತು. ಸಿಂಧನೂರಿನಲ್ಲಿ ಅವನ ಅಕ್ಕಿ ಮಿಲ್ಲು ಚೆನ್ನಾಗಿ ನಡೆಯುತ್ತಿತ್ತು, ಭತ್ತ ಇಡಲು ಜಾಗ ಸಾಲುತ್ತಿರಲಿಲ್ಲ. ಹುದುಗಿಸುವ ಮನೆಯ ಟ್ಯಾಂಕುಗಳನ್ನು ಗುಜರಿಗೆ ಹಾಕಿ ಅದನ್ನು ಗೋದಾಮು ಮಾಡುತ್ತೇನೆ ಎಂದು ಹಿಂದಿನ ದೀಪಾವಳಿಗೇ ಹೇಳಿದ್ದ. ಹಾಗಾದರೆ ಅಲ್ಲಿನ ಏಳು ಜನ ಮನೆಗೆ ಹೋಗಬೇಕು. ಹದಿಮೂರು ವರ್ಷದಿಂದ ಅಲ್ಲಿ ಕೆಮಿಸ್ಟ್ ಆಗಿದ್ದ, ಬೇರೆಲ್ಲೂ ಕೆಲಸ ಕೇಳುವ ವಯಸ್ಸು ದಾಟಿದ್ದ ಯಂಕೋಬ ಆ ಏಳರಲ್ಲಿ ಒಬ್ಬ.

ಅವನು ಒಂದು ಬೇಸಿಗೆ ಅವಕಾಶ ಕೇಳಿದ್ದ. ಹೈದರಾಬಾದಿನಲ್ಲಿ ಒಂದು ವಾರದ ತರಬೇತಿಗೆ ಹೋದಾಗ ಹೊಸ ವಿಧಾನವೊಂದನ್ನು ನೋಡಿ ಬಂದಿದ್ದ. ಯೀಸ್ಟನ್ನು ಗಂಜಿಯಲ್ಲಿ ತೇಲಲು ಬಿಡುವ ಬದಲು ಸಣ್ಣ ಗುಂಡುಗಳೊಳಗೆ ಕೂಡಿಹಾಕುವುದು. ಸಮುದ್ರದ ಪಾಚಿಯಿಂದ ತೆಗೆದ ಆಲ್ಜಿನೇಟ್ ಎಂಬ ಪುಡಿಯನ್ನು ನೀರಿನಲ್ಲಿ ಕಲಸಿ, ಅದಕ್ಕೆ ಯೀಸ್ಟ್ ಬೆರೆಸಿ, ಕ್ಯಾಲ್ಸಿಯಂ ಉಪ್ಪು ಕರಗಿಸಿದ ನೀರಿಗೆ ಹನಿಹನಿಯಾಗಿ ಬೀಳಿಸಿದರೆ ಹನಿಗಳು ಬಿದ್ದಲ್ಲೇ ಗಟ್ಟಿಯಾಗುತ್ತವೆ. ಸಕ್ಕರೆ ಒಳಗೆ ಹೋಗುತ್ತದೆ, ಮದ್ಯಸಾರ ಹೊರಗೆ ಬರುತ್ತದೆ, ಯೀಸ್ಟ್ ಮಾತ್ರ ಒಳಗೇ ಉಳಿಯುತ್ತದೆ. ಗುಂಡಿನ ಆಸರೆಯಲ್ಲಿ ಸೆಕೆಯನ್ನೂ ಹೆಚ್ಚು ತಾಳುತ್ತದೆ. ಅಂಥ ಗುಂಡುಗಳನ್ನು ಕಂಬದಲ್ಲಿ ತುಂಬಿ ಕೆಳಗಿನಿಂದ ಗಂಜಿ ಹಾಯಿಸಿದರೆ ಮೇಲಿನಿಂದ ಹುದುಗಿದ ದ್ರವ ಬರುತ್ತದೆ. ಗುಂಡು ಅವೇ, ಗಂಜಿ ಮಾತ್ರ ಹೊಸದು.

ಗುಂಡು ಮಾಡುವ ಯಂತ್ರ ಅವರ ಹತ್ತಿರ ಇರಲಿಲ್ಲ. ತುರ್ವಿಹಾಳದ ಖಾಸಿಂಬೀ ಇದ್ದಳು. ಮದುವೆಗಳಲ್ಲಿ ಬೂಂದಿ ಕರಿಯುವ ಮನೆತನ ಅವಳದು. ಯಂಕೋಬ ವಿಷಯ ಹೇಳಿದ ಮರುದಿನ ಅವಳು ಬೂಂದಿಯ ತೂತಿನ ಸೌಟು ತಂದು, ಕಲಸಿದ್ದನ್ನು ಅದರಲ್ಲಿ ಸುರಿದು, ಸೌಟಿನ ಹಿಡಿಯನ್ನು ಡ್ರಮ್ಮಿನ ಅಂಚಿಗೆ ಟಕಟಕ ಬಡಿದಳು. ಒಂದೇ ಅಳತೆಯ ಗುಂಡುಗಳು ಉದುರಿದವು.

"ಬೂಂದಿ ಅಲ್ಲ ಇದು, ಸಾಬೂದಾನಿ" ಎಂದಿದ್ದಳು, ಕೈಯಲ್ಲಿ ಹಿಡಿದು ನೋಡಿ. ಅಂದಿನಿಂದ ಯಂಕೋಬನನ್ನು ಬಿಟ್ಟು ಎಲ್ಲರೂ ಅದನ್ನು ಸಾಬೂದಾನಿ ಎಂದೇ ಕರೆದರು.

ಆ ಬೇಸಿಗೆಯಲ್ಲಿ ಹುದುಗಿಸುವ ಮನೆ ಒಂದು ದಿನವೂ ನಿಲ್ಲಲಿಲ್ಲ. ಗೋಪಣ್ಣ ಎರಡು ಸಲ ಬಂದು ಕಂಬದ ಸುತ್ತ ಓಡಾಡಿ, ಏನೂ ಹೇಳದೆ ಹೋದ. ಅದನ್ನೇ ಒಪ್ಪಿಗೆ ಎಂದು ಎಲ್ಲರೂ ತಿಳಿದರು. ಸಂತೋಷದ ಇನ್ನೊಂದು ಸಂಗತಿಯೂ ನಡೆಯಿತು. ಸಮೀಪದ ಉಪಕಾಲುವೆಯಿಂದ ಕಾರ್ಖಾನೆಗೆ ಪೈಪು ಬಂತು.

ಅದು ಯಂಕೋಬ ವರ್ಷವರ್ಷವೂ ಗೋಪಣ್ಣನ ಹತ್ತಿರ ಕೇಳುತ್ತ ಬಂದದ್ದು. ಕಾರ್ಖಾನೆಯ ಬೋರಿನ ನೀರು ಸವಳು. ಬಾಯ್ಲರಿನ ಒಳಗೆ ಬಿಳಿ ಗಡ್ಡೆ ಕಟ್ಟುತ್ತಿತ್ತು. ಚಹಾ ಒಡೆಯುತ್ತಿತ್ತು. ಕುಡಿದವರಿಗೆ ದಾಹ ಹೋಗುತ್ತಿರಲಿಲ್ಲ. ಜುಲೈ ಮಧ್ಯಕ್ಕೆ ಕಾಲುವೆಗೆ ನೀರು ಬಿಟ್ಟು ಅದು ನಲ್ಲಿಯಲ್ಲಿ ಬಂದ ದಿನ ದುರುಗಪ್ಪ ನಲ್ಲಿಗೆ ಅರಿಸಿನ ಕುಂಕುಮ ಹಚ್ಚಿ ಕಾಯಿ ಒಡೆದ. ಖಾಸಿಂಬೀ ಬೊಗಸೆ ಒಡ್ಡಿ ಮೊದಲು ಕುಡಿದಳು. ಕಾಲುವೆ ಸೀಮೆಯ ಊರುಗಳಲ್ಲಿ, ಬೇಸಿಗೆಯ ನಂತರ ಹೊಸ ನೀರು ಬಂದ ದಿನ ಮನೆಯಲ್ಲಿ ಹಳೆ ನೀರು ಇಟ್ಟುಕೊಳ್ಳುವುದಿಲ್ಲ. ಕೊಡ, ಹರವಿ, ತೊಟ್ಟಿ ಎಲ್ಲವನ್ನೂ ಚೆಲ್ಲಿ, ತೊಳೆದು, ಹೊಸ ನೀರು ತುಂಬುತ್ತಾರೆ. ಕಾರ್ಖಾನೆಯಲ್ಲೂ ಅದೇ ನಡೆಯಿತು. ಗಂಜಿ ಕುದಿಸುವ ಹಂಡೆ, ಗುಂಡು ತೊಳೆಯುವ ಡ್ರಮ್ಮು, ಕಂಬ, ಎಲ್ಲದರಿಂದ ಸವಳು ನೀರು ಹೊರಗೆ ಹೋಗಿ ಸಿಹಿ ನೀರು ಬಂತು. ಯಾರೂ ಹೇಳಬೇಕಾಗಿರಲಿಲ್ಲ. ಯಂಕೋಬ ತಾನೇ ನಿಂತು ಕಂಬಕ್ಕೆ ನೀರು ಬಿಡಿಸಿದ. ಇನ್ನು ಬೇಡವೆಂದು ಬೋರಿನ ಮೋಟಾರನ್ನು ಎತ್ತಿಸಿ ವೈಂಡಿಂಗ್ ಮಾಡಿಸಲು ಲಿಂಗಸುಗೂರಿಗೆ ಕಳಿಸಿದ.

ಅವನ ಮನೆ ಮಸ್ಕಿಯಲ್ಲಿ. ಅವನ ಓಣಿಗೆ ಬರುತ್ತಿದ್ದದ್ದೂ ಸವಳು ನೀರೇ. ಪೈಪು ಬಂದ ಮೇಲೆ ಪ್ರತಿ ಸಂಜೆ ಒಂದು ಪ್ಲಾಸ್ಟಿಕ್ ಕ್ಯಾನಿನಲ್ಲಿ ಸಿಹಿ ನೀರು ತುಂಬಿಕೊಂಡು ಬಸ್ಸು ಹತ್ತುತ್ತಿದ್ದ.

ಮೊದಲ ಒಂದು ವಾರ ಏನೂ ಆಗಲಿಲ್ಲ. ಆಮೇಲೆ ಗುಂಡುಗಳು ಊದಿಕೊಂಡವು. ಈಗ ಮೆತ್ತಗಾಗಿ ಒಡೆಯುತ್ತಿದ್ದವು. ಒಡೆದ ಗುಂಡಿನ ಯೀಸ್ಟ್ ಗಂಜಿಯ ಜೊತೆ ಮೇಲಿಂದ ಹರಿದು ಹೋಗುತ್ತಿತ್ತು. ಹೊರಗೆ ಬರುವ ದ್ರವ ಮಜ್ಜಿಗೆಯಂತೆ ಬೆಳ್ಳಗಿತ್ತು. ನಾಲಗೆಗೆ ಹಚ್ಚಿದರೆ ಇನ್ನೂ ಸಿಹಿಯಿತ್ತು.

ಯಂಕೋಬ ಒಂದೊಂದೇ ಕಾರಣ ತೆಗೆದುಹಾಕುತ್ತ ಬಂದ. ಯೀಸ್ಟ್ ಕೆಟ್ಟಿದೆಯೇ? ಸೂಕ್ಷ್ಮದರ್ಶಕದಲ್ಲಿ ಚೆನ್ನಾಗಿಯೇ ಇತ್ತು. ದುರುಗಪ್ಪ ಕಂಬವನ್ನು ತೊಳೆಯುವ ಸೋಡಾ ಹಾಕಿ ತೊಳೆದನೇ?

"ನಮ್ಮವ್ವನ ಆಣಿ, ಬರೇ ನೀರ ಹಾಕೀನ್ರಿ" ಎಂದ ದುರುಗಪ್ಪ. "ಹೊಸಾ ನೀರು ಇರುವಾಗ ಸೋಡಾ ಯಾಕ್ ಬೇಕ್ರಿ?"

ಉಳಿದದ್ದು ಖಾಸಿಂಬೀಯ ಕೈ. ಅವಳು ಪುಡಿ ಕಡಿಮೆ ಹಾಕಿ ತೆಳ್ಳಗೆ ಕಲಸಿರಬಹುದು. ಹಾಗೆ ಕೇಳಬಾರದು ಎಂದು ಗೊತ್ತಿದ್ದೂ ಯಂಕೋಬ ಕೇಳಿದ.

ಖಾಸಿಂಬೀ ಸೌಟನ್ನು ಕೆಳಗಿಟ್ಟಳು.

"ಬ್ಯಾಸಗ್ಯಾಗ ಇದ ಕೈ ಇತ್ತಲ್ರಿ ಸಾಹೇಬ್ರ. ಆವಾಗ ಗಟ್ಟಿ ಆದ್ವು, ಈಗ ಮೆತ್ತಗಾದ್ವು. ಕೈ ಏನ್ ಮುಪ್ಪಾತೇನ್ರಿ ಎರಡು ತಿಂಗಳದಾಗ?"

"ಹಂಗಲ್ಲ ಬೇ, ಕೇಳಿದೆ ಅಷ್ಟ."

"ಕೇಳೂದು ಬಿಡ್ರಿ. ನಿಮ್ಮ ಮುಂದ ಕಲಸ್ತೀನಿ, ನೋಡ್ರಿ."

ಅವಳು ಅವನೆದುರೇ ಅಳೆದು ಕಲಸಿ, ಒಂದು ಬೋಗುಣಿಯಷ್ಟು ಗುಂಡು ಮಾಡಿದಳು. ಗುಂಡುಗಳು ಗಟ್ಟಿಯಾಗಿಯೇ ಇದ್ದವು. ಅವುಗಳಲ್ಲಿ ಅರ್ಧವನ್ನು ಗಂಜಿಯಲ್ಲಿ ಬಿಟ್ಟರು. ಅವೂ ಕೆಲವು ದಿನಗಳಲ್ಲಿ ಮೆತ್ತಗಾದವು. ಪುಡಿ ಇನ್ನು ಒಂದೇ ಸಲ ಕಂಬ ತುಂಬಿಸುವಷ್ಟು ಉಳಿದಿತ್ತು. ಹೊಸದು ಹೈದರಾಬಾದಿನಿಂದ ಬರಬೇಕು, ಗೋಪಣ್ಣ ಈಗ ತರಿಸುವವನಲ್ಲ.

ಗೋಪಣ್ಣ ಆ ವಾರವೇ ಹೇಳದೆ ಬಂದ. ಜೊತೆಗೆ ಹೊಸಪೇಟೆಯ ಗುಜರಿ ವ್ಯಾಪಾರಿ. ವ್ಯಾಪಾರಿ ಯಾರ ಮುಖವನ್ನೂ ನೋಡದೆ ಟೇಪು ಹಿಡಿದು ಟ್ಯಾಂಕುಗಳ ಸುತ್ತಳತೆ ತೆಗೆಯತೊಡಗಿದ. ಕಂಬವನ್ನು ಬೆರಳಿನಿಂದ ಬಡಿದು ಸದ್ದು ಕೇಳಿದ.

"ಬ್ಯಾಸಗ್ಯಾಗ ನಡೀತು ಅಂದ್ರಿ" ಎಂದ ಗೋಪಣ್ಣ. "ಈಗ ಥಂಡಿ ಬಂದೈತಿ. ನೀವ ಬೇಡಿದ ಸೀನೀರು ಬಂದೈತಿ. ಎಲ್ಲಾ ಬಂದ ಮ್ಯಾಲ ಕೆಡ್ತಂದ್ರ ನಾ ಯಾರಿಗೆ ಕೇಳ್ಲಿ?"

"ಕಾರಣ ಹುಡುಕಾಕತ್ತೀನ್ರಿ ಸಾವ್ಕಾರ್ರ."

"ಹುಡುಕ್ರಿ. ನಾ ಸಿಟ್ಟಾಗಿಲ್ಲ. ನಾಗರ ಪಂಚಮಿ ಮುಗದ ಮರುದಿನ ಇವ್ರು ಲಾರಿ ತರ್ತಾರ. ಅವತ್ತು ಕಂಬ ನಡದಿತ್ತಂದ್ರ ಲಾರಿ ಖಾಲಿ ಹೋಗ್ತೈತಿ. ಇಲ್ಲಂದ್ರ ತುಂಬಿ ಹೋಗ್ತೈತಿ. ಅಷ್ಟ ಮಾತು."

ಅವನ ದನಿಯಲ್ಲಿ ನಿಜಕ್ಕೂ ಸಿಟ್ಟಿರಲಿಲ್ಲ. ಅದೇ ಯಂಕೋಬನಿಗೆ ಹೆಚ್ಚು ಆಯಾಸ ತಂದಿತು. ಜಗಳವಾಡುವ ಮಾಲೀಕನ ಜೊತೆ ವಾದಿಸಬಹುದು. ಆಗಲೇ ಮನಸ್ಸು ಮಾಡಿದವನ ಜೊತೆ ಏನು ಮಾತು. ಆ ಸಂಜೆ ಬಸ್ಸಿನ ಕಿಟಕಿಯ ಪಕ್ಕ ಕೂತ ಮೇಲೆ, ನೀರಿನ ಕ್ಯಾನನ್ನು ನಲ್ಲಿಯ ಕೆಳಗೇ ಬಿಟ್ಟು ಬಂದದ್ದು ನೆನಪಾಯಿತು. ಇಳಿದು ಹೋಗಲು ಮನಸ್ಸಾಗಲಿಲ್ಲ.

ಅವನ ಹೆಂಡತಿ ಆದಮ್ಮ ಅಂಗನವಾಡಿಯಿಂದ ಬಂದು ಒಲೆ ಹಚ್ಚಿದ್ದಳು.

"ಕ್ಯಾನ್ ಎಲ್ರಿ?"

"ಮರ್ತು ಬಂದೆ."

"ಬ್ಯಾಳಿ ಇಡೋ ಹೊತ್ತಿಗೆ ಹೇಳ್ತೀರಲ್ಲ. ಈಗ ಯಾರ ಮನಿಗೆ ಹೋಗ್ಲಿ ಕೊಡ ಹಿಡ್ಕೊಂಡು? ಸವಳನೀರಾಗ ಇಡ್ತೀನಿ. ಅಡಿಗಿ ಸೋಡಾನೂ ತೀರೈತಿ. ಬೆಂದಷ್ಟು ಬೆಂದ್ವು."

ಯಂಕೋಬ ಗೋಡೆಗೆ ಒರಗಿ ಕಣ್ಣು ಮುಚ್ಚಿದ. ತೊಗರಿ ಬೇಳೆ ಕುದಿಯುವ ವಾಸನೆ ಬಹಳ ಹೊತ್ತು ಬಂತು. ಆದಮ್ಮ ಎರಡು ಸಲ ಮುಚ್ಚಳ ತೆಗೆದು ನೋಡಿ, ಮೂರನೆಯ ಸಲ ಪಾತ್ರೆಯನ್ನು ಕೆಳಗಿಳಿಸಿದಳು.

"ಒಂದ್ ತಾಸು ಕುದ್ದೈತಿ. ಹಂಗ ಕುಂತಾವ, ನನ್ನ ಮುಖಾ ನೋಡ್ಕೋತ. ಏಳ್ರಿ, ಉಣ್ಣ ಬರ್ರಿ."

ಜೋಳದ ರೊಟ್ಟಿಯ ಪಕ್ಕ ಬೇಳೆ ನೀರು ಬೇರೆ, ಕಾಳು ಬೇರೆಯಾಗಿ ನಿಂತಿತ್ತು. ಯಂಕೋಬ ಒಂದು ತುತ್ತು ತಿಂದ. ಹಲ್ಲಿಗೆ ಕಟುಮ್ ಎಂದಿತು. ತಟ್ಟೆಯಿಂದ ಒಂದು ಬೇಳೆ ಎತ್ತಿ, ಅಭ್ಯಾಸದಿಂದಲೇ, ಹೆಬ್ಬೆರಳು ತೋರುಬೆರಳಿನ ನಡುವೆ ಇಟ್ಟು ಒತ್ತಿದ. ಬೇಳೆ ಬೆರಳಿಗೆ ಎದುರಾಡಿತು.

ಅವನು ಇನ್ನೊಂದನ್ನು ಒತ್ತಿದ. ಆಮೇಲೆ ಮತ್ತೊಂದನ್ನು.

"ಏನ್ ಮಾಡಾಕತ್ತೀರಿ? ಬೆಂದಿಲ್ಲಂತ ನನಗೂ ಗೊತ್ತೈತಿ. ತೋರ್ಸೂದು ಬ್ಯಾಡ."

"ಆದಮ್ಮ, ಸೀನೀರಾಗ ಇಟ್ರ ಇದು ಏನಾಗ್ತೈತಿ?"

"ಏನಾಗ್ತೈತಿ ಅಂದ್ರ? ಮರ್ತು ಬಿಟ್ರ ಹಿಟ್ಟಾಗ್ತೈತಿ. ದಿನಾ ಉಂಡೀರಲ್ಲ."

ಯಂಕೋಬ ಎದ್ದು ಕೈ ತೊಳೆಯದೆ ಬಾಗಿಲವರೆಗೆ ಹೋಗಿ ಮತ್ತೆ ಬಂದು ಕೂತ. ಅವನಿಗೆ ಸಂತೋಷವಾಗಲಿಲ್ಲ. ಮೊದಲು ಬಂದದ್ದು ನಾಚಿಕೆ. ಸವಳು ನೀರಿನಲ್ಲಿ ಕ್ಯಾಲ್ಸಿಯಂ ಇದೆ. ಅದು ಬೇಳೆಯನ್ನು ಬಿಗಿಹಿಡಿದು ಬೇಯಗೊಡುವುದಿಲ್ಲ. ಗುಂಡನ್ನು ಗಟ್ಟಿಯಾಗಿಸುವುದೂ ಅದೇ ಕ್ಯಾಲ್ಸಿಯಂ. ಗಂಜಿಯ ಹುಳಿ ಇಳಿಸಲು ಹಾಕುವ ಸೋಡಾ ಗುಂಡಿನ ಬಿಗಿಯನ್ನು ದಿನವೂ ಸ್ವಲ್ಪ ಸ್ವಲ್ಪ ಎಳೆದುಕೊಳ್ಳುತ್ತದೆ. ಎಳೆದಷ್ಟನ್ನು ಬೋರಿನ ನೀರು ದಿನವೂ ತುಂಬಿಕೊಡುತ್ತಿತ್ತು. ಕಾಲುವೆಯ ನೀರಿನಲ್ಲಿ ತುಂಬಿಕೊಡುವಷ್ಟು ಇಲ್ಲ. ಇಷ್ಟು ಅವನು ಕಾಲೇಜಿನಲ್ಲಿ ಓದಿದ್ದ. ಆದರೆ ನೀರಿನ ಮೇಲೆ ಅನುಮಾನ ಬಂದಿರಲಿಲ್ಲ. ಸವಳು ನೀರು ಕೆಟ್ಟದ್ದು, ಕಾಲುವೆ ನೀರು ಒಳ್ಳೆಯದು ಎಂಬುದು ಆ ಸೀಮೆಯಲ್ಲಿ ಹುಟ್ಟಿದವರಿಗೆ ಯಾರೂ ಕಲಿಸಬೇಕಾಗಿಲ್ಲದ ವಿಷಯ.

ಮರುದಿನ ಅವನು ಆದಮ್ಮನ ಹತ್ತಿರ ಇನ್ನೊಂದು ಕ್ಯಾನು ಕೇಳಿ, ಮನೆಯ ಸವಳು ನೀರನ್ನು ತುಂಬಿಕೊಂಡು ಬಸ್ಸು ಹತ್ತಿದ. ದಿನವೂ ನೋಡುವ ಕಂಡಕ್ಟರು ಕ್ಯಾನನ್ನು ಕಾಲಿನಿಂದ ತಳ್ಳಿ ನೋಡಿದ.

"ಏನ್ರಿ ಸರ, ಮುಂಜಾನಿ ಖಾಲಿ ತಂದು ಸಂಜೀಕ ತುಂಬಿ ಒಯ್ತಿದ್ರಿ, ಇವತ್ತು ತುಂಬಿದ್ದ ತಂದೀರಿ? ಮಸ್ಕಿ ನೀರು ಸಿಂಧನೂರಿಗೆ ಮಾರಾಕ ಹೊಂಟೀರೇನು?"

ಯಂಕೋಬ ಕ್ಯಾನನ್ನು ಕಾಲಿನ ಹತ್ತಿರ ಎಳೆದುಕೊಂಡ. ಕಾರ್ಖಾನೆಯಲ್ಲಿ, ಖಾಸಿಂಬೀ ಅವನೆದುರು ಮಾಡಿ ಗಂಜಿಗೆ ಹಾಕದೆ ಉಳಿದಿದ್ದ ಗುಂಡುಗಳನ್ನು ಎರಡು ಗಾಜಿನ ಪಾತ್ರೆಗೆ ಹಂಚಿದ. ಒಂದಕ್ಕೆ ಕಾಲುವೆಯ ನೀರು, ಇನ್ನೊಂದಕ್ಕೆ ಸವಳು ನೀರು, ಬೇಗ ಗೊತ್ತಾಗಲೆಂದು ಎರಡಕ್ಕೂ ಗಂಜಿಗೆ ಹಾಕುವುದಕ್ಕಿಂತ ಜಾಸ್ತಿ ಸೋಡಾ. ಸಂಜೆಯ ಹೊತ್ತಿಗೆ ಕಾಲುವೆ ನೀರಿನ ಗುಂಡುಗಳು ಊದಿ ತಳಕ್ಕೆ ಅಂಟಿದ್ದವು. ಸವಳು ನೀರಿನವು ಹಾಗೇ ಇದ್ದವು. ಅವನು ಖಾಸಿಂಬೀಯನ್ನು ಕರೆದು ಎರಡನ್ನೂ ಮುಟ್ಟಿಸಿದ.

"ನಿನ್ನ ಕೈದು ತಪ್ಪಿಲ್ಲ. ನೀರಿಂದು."

"ಯಾ ನೀರಿಂದು?"

"ಸೀನೀರಿಂದು."

ಖಾಸಿಂಬೀ ಅವನನ್ನೂ ನಲ್ಲಿಯನ್ನೂ ನೋಡಿದಳು. "ಅಲ್ರಿ, ಕಾಯಿ ಒಡದು ಕರಕೊಂಡು ಬಂದೀವಲ್ರಿ ಅದನ್ನ?"

ದುರುಗಪ್ಪ ನಕ್ಕ. ಆಮೇಲೆ ಅವನಿಗೂ ನೆನಪಾಯಿತು: ಬೋರಿಗೆ ಮೋಟಾರಿಲ್ಲ. ಕಾಲುವೆ ಸೀಮೆಯಲ್ಲಿ ಅಕ್ಕಪಕ್ಕ ಯಾರೂ ಬೋರು ಕೊರೆಸಿರಲಿಲ್ಲ. ಕೊರೆಸುವ ಅಗತ್ಯ ಯಾರಿಗಿತ್ತು? ಸಿಹಿ ನೀರಿಗೆ ಕ್ಯಾಲ್ಸಿಯಂ ಉಪ್ಪು ಬೆರೆಸಬಹುದಿತ್ತು. ಆದರೆ ಉಳಿದದ್ದು ಹೊಸ ಗುಂಡು ಗಟ್ಟಿಮಾಡಲು ಮಾತ್ರ ಸಾಲುವಷ್ಟು.

ಯಂಕೋಬ ಲಿಂಗಸುಗೂರಿಗೆ ಹೋದ. ಬಸ್‌ಸ್ಟ್ಯಾಂಡಿನ ಹಿಂದೆ ಜಿಲಾನಿಸಾಬನ ವೈಂಡಿಂಗ್ ಅಂಗಡಿ. ಮೋಟಾರು ಬೆಂಚಿನ ಮೇಲೆ ಹೊಟ್ಟೆ ಬಗೆದು ಮಲಗಿತ್ತು. ಹಳೆಯ ತಂತಿಯೆಲ್ಲ ಹೊರಗೆ, ಹೊಸದು ಒಂದೆಳೆಯೂ ಒಳಗೆ ಹೋಗಿರಲಿಲ್ಲ.

"ಅರೆ ಸಾಹೇಬ್ರ, ನೀವ ಅಂದ್ರಿ, ಗಡಬಡ ಇಲ್ಲ ಜಿಲಾನಿ, ಸೀನೀರು ಬಂದೈತಿ ಅಂತ. ನಾ ಮುದಗಲ್ಲಿನವರ ಮೋಟಾರು ಮೊದಲ ಹಿಡದೆ. ತಂತಿ ಖಲಾಸ್. ಹೈದರಾಬಾದಿನಿಂದ ಬರಬೇಕು."

"ಎಂದ ಬರ್ತೈತಿ?"

"ಬರೂದಂತೂ ಬರ್ತೈತಿ" ಎಂದ ಜಿಲಾನಿಸಾಬ್. "ಪಂಚಮಿ ಆದ್ಮ್ಯಾಲ ಜರೂರ್."

"ಪಂಚಮಿ ಮೊದಲ ಬೇಕು."

"ಸವಳನೀರಿನ ಸಲುವಾಗಿ ಇಷ್ಟು ಓಡಾಡೋ ಮನಷ್ಯಾನ್ನ ನಾ ನೋಡಿಲ್ಲ ನೋಡ್ರಿ. ಕುಂಡ್ರಿ, ಚಾ ತರಸ್ತೀನಿ. ಲಿಂಗಸುಗೂರಾಗ ಚಾ ಒಡ್ಯೂದಿಲ್ಲ."

ಯಂಕೋಬ ಚಹಾ ಕುಡಿದು ಮಸ್ಕಿಗೆ ಹಿಂದಿರುಗಿದ. ಬಸ್ಸು ಇಳಿಯುವಾಗ ಒಂದು ಹೋಟೆಲಿನ ಮುಂದೆ ಮಸ್ತಾನಸಾಬನ ಟ್ರ್ಯಾಕ್ಟರು ನಿಂತಿತ್ತು. ಹಿಂದೆ ನೀರಿನ ಟ್ಯಾಂಕರು. ಮಸ್ಕಿಯ ಹೋಟೆಲುಗಳಿಗೆ ಕಾಲುವೆಯಿಂದ ಸಿಹಿ ನೀರು ತರುವುದು ಅವನ ಕಸುಬು. ಕಾರ್ಖಾನೆಯ ಮುಂದೆಯೇ ದಿನವೂ ಹಾದುಹೋಗುತ್ತಿದ್ದ. ಹೋಗುವಾಗ ಖಾಲಿ, ಬರುವಾಗ ತುಂಬಿ.

"ಮಸ್ತಾನ, ಹೋಗೋವಾಗ ಒಂದ್ ಕೆಲಸ ಮಾಡ್ತೀಯೇನು? ಇಲ್ಲಿಂದ ಸವಳನೀರು ತುಂಬ್ಕೊಂಡು ಹೋಗು. ನಮ್ಮಲ್ಲಿ ಇಳಿಸಿ ಮುಂದ ಕಾಲುವಿಗೆ ಹೋಗು."

ಮಸ್ತಾನಸಾಬ ಸ್ಟಿಯರಿಂಗ್ ಮೇಲೆ ಕೈಯಿಟ್ಟು ಅವನನ್ನು ಮೇಲಿಂದ ಕೆಳಗೆ ನೋಡಿದ.

"ಸಾಹೇಬ್ರ, ಮನ್ಯಾಗ ಎಲ್ಲಾ ಆರಾಮ ಐತಿಲ್ರಿ?"

"ಆರಾಮ ಐತಿ."

"ಮತ್ತ ಟ್ಯಾಂಕರ್ ಸವಳಾಗ್ತೈತಿ. ಹೋಟೆಲ್‌ನ್ಯಾವರು ಚಾ ಒಡದ್ರ ನನ್ನ ತಲಿ ಒಡೀತಾರ."

"ಕಾಲುವ್ಯಾಗ ತೊಳಕೊ. ದುರುಗಪ್ಪನ್ನ ಕಳಿಸ್ತೀನಿ, ಅವನ ತೊಳೀತಾನ."

"ಮಂದಿ ನೋಡಿದ್ರ ಏನಂತಾರ? ಮಸ್ತಾನಗ ಹುಚ್ಚು ಹಿಡದೈತಿ ಅಂತಾರ" ಎಂದ ಮಸ್ತಾನಸಾಬ. ಆದರೆ ಟ್ರ್ಯಾಕ್ಟರಿನಿಂದ ಇಳಿದು ಟ್ಯಾಂಕರಿನ ಮುಚ್ಚಳ ತೆಗೆದ.

ಅಂದಿನಿಂದ ದಿನವೂ ಹಾಗೆ ನಡೆಯಿತು. ಮಸ್ಕಿಯ ಸವಳು ನೀರು ಸಿಂಧನೂರಿನ ಕಡೆಗೆ, ಅದೇ ಟ್ಯಾಂಕರಿನಲ್ಲಿ ಕಾಲುವೆಯ ನೀರು ಮಸ್ಕಿಯ ಕಡೆಗೆ. ರಸ್ತೆ ಬದಿಯ ಗದ್ದೆಯಲ್ಲಿ ನಾಟಿ ಮಾಡುತ್ತಿದ್ದ ಹೆಂಗಸರು ಕೈ ಎತ್ತಿ ಕೂಗಿ ಕೇಳುತ್ತಿದ್ದರು, ಮಸ್ತಾನಸಾಬ ಮುಖ ತಿರುಗಿಸಿಕೊಂಡು ಹೋಗುತ್ತಿದ್ದ. ದುರುಗಪ್ಪ ಸೊಂಟದವರೆಗೆ ಕಾಲುವೆಯಲ್ಲಿ ನಿಂತು ಟ್ಯಾಂಕರು ತೊಳೆದು, ಒದ್ದೆ ಬಟ್ಟೆಯಲ್ಲೇ ವಾಲ್ವಿನ ಹತ್ತಿರ ಬಂದು ನಿಲ್ಲುತ್ತಿದ್ದ.

ಖಾಸಿಂಬೀ ಉಳಿದ ಪುಡಿಯನ್ನೆಲ್ಲ ಕಲಸಿದಳು. ಹಬ್ಬದ ಹಿಂದಿನ ದಿನ ಮಧ್ಯಾಹ್ನದವರೆಗೆ ಸೌಟಿನ ಟಕಟಕ ನಿಲ್ಲಲಿಲ್ಲ. ಅವಳ ಮಣಿಕಟ್ಟು ಊದಿತ್ತು. ಬೇರೆಯವರು ಸೌಟು ಕೇಳಿದರೆ ಕೊಡಲಿಲ್ಲ. ಗುಂಡು ದೊಡ್ಡ ಸಣ್ಣ ಆದರೆ ಮತ್ತೆ ತನ್ನನ್ನೇ ಕೇಳುತ್ತಾರೆ ಎಂದಳು. ಯಂಕೋಬನಿಗೆ ಅದು ಕೇಳಿಸಿತು. ಅವನು ಬೇರೆ ಕಡೆ ನೋಡಿದ.

ಕಂಬ ತುಂಬಿದ ಮೇಲೆ ಗಂಜಿ ಹಾಯಿಸಿದರು. ಹಬ್ಬದ ದಿನ ಯಂಕೋಬ, ದುರುಗಪ್ಪ ಇಬ್ಬರೇ ಕಾರ್ಖಾನೆಯಲ್ಲಿದ್ದರು. ಆದಮ್ಮ ಕಟ್ಟಿಕೊಟ್ಟ ಶೇಂಗಾ ಉಂಡೆ ತಿನ್ನುತ್ತ ಕಂಬದ ಕೆಳಗೆ ಕೂತರು. ಮೊದಮೊದಲು ಮೇಲಿನಿಂದ ಬಂದದ್ದು ಸಿಹಿಯಾಗಿತ್ತು. ಆಮೇಲೆ ಸಿಹಿ ಕಡಿಮೆಯಾಯಿತು. ಸಂಜೆಗೆ ದ್ರವ ತಿಳಿಯಾಗಿ, ಸಣ್ಣ ಗುಳ್ಳೆಗಳೊಡನೆ, ಮೂಗಿಗೆ ಚುರುಕು ಹತ್ತುವ ವಾಸನೆಯೊಡನೆ ಬರತೊಡಗಿತು. ದುರುಗಪ್ಪ ಗೋಡೆಗೆ ಒರಗಿ ಕೂತಲ್ಲೇ ನಿದ್ದೆಹೋದ.

ಮರುದಿನ ಲಾರಿ ಬಂತು. ಹಿಂದೆಯೇ ಗೋಪಣ್ಣನ ಜೀಪು. ಗೋಪಣ್ಣ ಏಣಿ ಹತ್ತಲಿಲ್ಲ. ಕೆಳಗೇ ನಿಂತು, ಯಂಕೋಬ ಗಾಜಿನ ಜಾಡಿಯಲ್ಲಿ ಹಿಡಿದುಕೊಟ್ಟ ದ್ರವವನ್ನು ಮೂಸಿ, ಬೆರಳಿನಿಂದ ನಾಲಗೆಗೆ ಹಚ್ಚಿ ನೋಡಿದ. ಒಂದು ಗುಂಡನ್ನು ಕೇಳಿ ಪಡೆದು ಒತ್ತಿದ. ಅದು ಅವನ ಬೆರಳಿನಿಂದ ಜಿಗಿದು ಲಾರಿಯ ಗಾಲಿಯ ಹತ್ತಿರ ಬಿತ್ತು.

"ಏನಾಗಿತ್ರಿ ಮತ್ತ?"

ಯಂಕೋಬ ಹೇಳಿದ. ಬೇಳೆಯ ಸಂಗತಿಯನ್ನೂ ಹೇಳಿದ. ಗೋಪಣ್ಣ ನಕ್ಕ, ವ್ಯಾಪಾರಿಯೂ ನಕ್ಕ. ಗೋಪಣ್ಣ ಲಾರಿಯವನಿಗೆ ಕೈಸನ್ನೆ ಮಾಡಿದ. ಲಾರಿ ಹಿಂದಕ್ಕೆ ತಿರುಗಲು ಶುರು ಮಾಡಿತು.

"ಇರ್ಲಿ. ಟ್ಯಾಂಕು ಇಲ್ಲೇ ಇರ್ಲಿ. ಮುಂದಿನ ಬ್ಯಾಸಗಿ ತನಕ ನೋಡೂಣು" ಎಂದ ಗೋಪಣ್ಣ. "ಪುಡಿನೂ ತರಸ್ತೀನಿ. ಅಂದ್ರ ನಿಮಗ ಸೀನೀರು ಬ್ಯಾಡ ಅಂದಂಗಾತು."

"ಗಂಜಿಗೆ, ಕಂಬಕ್ಕ ಬ್ಯಾಡ್ರಿ. ಬಾಯ್ಲರಿಗೆ ಬೇಕು. ಮಂದಿಗೆ ಕುಡ್ಯಾಕ ಬೇಕು."

"ಬಾಯ್ಲರ್ ಹದಿಮೂರು ವರ್ಷ ಸವಳನೀರಾಗ ನಡದೈತಲ್ರಿ. ಮಿಲ್ಲಿನ್ಯಾಗ ಭತ್ತ ಕುದಸಾಕ ಸೀನೀರಿಲ್ಲ. ಈ ಪೈಪು, ಕಾಲುವಿ ಮ್ಯಾಲಿನ ಮೋಟಾರು ಅಲ್ಲಿಗೆ ಒಯ್ತೀನಿ. ಅಲ್ಲಿಗೆ ಕಾಲುವಿ ಇನ್ನೂ ಸಮೀಪ."

"ಕುಡ್ಯಾಕ ಒಂದು ನಲ್ಲಿ ಆದ್ರೂ ಇರ್ಲಿ ಸಾವ್ಕಾರ್ರ."

"ಒಂದು ನಲ್ಲಿ ಸಲುವಾಗಿ ಪೂರಾ ಪೈಪು ಬಿಡಾಕ ಆಗ್ತೈತೇನ್ರಿ? ನೋಡೂಣು."

ನೋಡೋಣ ಎಂದರೆ ಏನೆಂದು ಯಂಕೋಬನಿಗೆ ಹದಿಮೂರು ವರ್ಷದಿಂದ ಗೊತ್ತಿತ್ತು. ಇನ್ನೊಂದು ಮಾತು ಕೇಳಬಹುದಿತ್ತು. ಲಾರಿ ಇನ್ನೂ ಗೇಟು ದಾಟಿರಲಿಲ್ಲ, ವ್ಯಾಪಾರಿ ಟೇಪನ್ನು ಜೇಬಿನೊಳಗೆ ಇಟ್ಟಿರಲಿಲ್ಲ. ಅವನು ಕೇಳಲಿಲ್ಲ.

ಜೀಪು ಹೋದ ಮೇಲೆ ಖಾಸಿಂಬೀ ಬಂದಳು. ಮಣಿಕಟ್ಟಿಗೆ ಅರಿಸಿನ ಹಚ್ಚಿ ಬಟ್ಟೆ ಸುತ್ತಿದ್ದಳು.

"ಉಳದ್ವೇನ್ರಿ ಸಾಬೂದಾನಿ?"

"ಉಳದ್ವು."

"ನಾವು?"

"ನಾವೂ ಉಳದ್ವಿ. ಬ್ಯಾಸಗಿ ತನಕ."

"ನೀರು?"

"ನೀರು ಹೋತು. ಪೈಪು ಮಿಲ್ಲಿಗೆ ಒಯ್ತಾರಂತ."

ಖಾಸಿಂಬೀ ನಲ್ಲಿಯ ಕಡೆ ನೋಡಿದಳು. ದುರುಗಪ್ಪ ಹಚ್ಚಿದ್ದ ಕುಂಕುಮ ಅದರ ಮೇಲೆ ಇನ್ನೂ ಸ್ವಲ್ಪ ಇತ್ತು.

"ಹಂಗಾರ ನಾಳಿಂದ ಮನಿಯಿಂದ ಕೊಡ ತರ್ತೀನಿ" ಎಂದಳು. "ನಿಮಗೂ ಒಂದು ತಂಬಗಿ ಕೊಡ್ತೀನಿ ಬಿಡ್ರಿ. ಜಗಳ ಮುಗೀತು."

ಪೈಪು ಕೀಳುವವರು ಆ ವಾರದ ಕೊನೆಗೆ ಬಂದರು. ಜಿಲಾನಿಸಾಬನ ಹತ್ತಿರದಿಂದ ಬೋರಿನ ಮೋಟಾರೂ ಬಂತು. ಮಸ್ತಾನಸಾಬ ಟ್ಯಾಂಕರನ್ನು ಕೊನೆಯ ಸಲ ತೊಳೆಸಿಕೊಂಡು, ಇನ್ನು ಮುಂದೆ ಯಾರೂ ಕೈ ಎತ್ತಿ ಕೂಗುವುದಿಲ್ಲವೆಂದು ಸಮಾಧಾನದಿಂದ ಹೋದ. ಆ ಸಂಜೆ ಯಂಕೋಬ ಎರಡು ಕ್ಯಾನುಗಳನ್ನೂ ಖಾಲಿಯಾಗಿಯೇ ಮನೆಗೆ ತಂದ.

ಆದಮ್ಮ ಎತ್ತಿ ನೋಡಿದಳು. ಅವನು ಹೇಳಿದ. ಅವಳು ಕ್ಯಾನುಗಳನ್ನು ಮಂಚದ ಕೆಳಗೆ ತಳ್ಳಿ, ಒಲೆಯ ಮೇಲಿದ್ದ ಬೇಳೆಗೆ ಡಬ್ಬಿಯಿಂದ ಒಂದು ಚಿಟಿಕೆ ಅಡಿಗೆ ಸೋಡಾ ಹಾಕಿದಳು. ಸೀನೀರು ಬರುವ ಮೊದಲು ವರ್ಷಾನುಗಟ್ಟಲೆ ಮಾಡಿದ್ದು ಅದನ್ನೇ. ಬೇಳೆಯ ಮೇಲೆ ಹಳದಿ ನೊರೆ ಎದ್ದಿತು.

"ಆ ಸೋಡಾ ನನ್ನ ಕೈಗೆ ಹತ್ತಿಸಬ್ಯಾಡ" ಎಂದ ಯಂಕೋಬ.

"ಯಾಕ್ರಿ?"

"ಮುಂಜಾನೆ ಗುಂಡು ಮುಟ್ಟಬೇಕು."

ಆದಮ್ಮನಿಗೆ ನಗು ಬಂತು. ಅವನಿಗೂ ಸ್ವಲ್ಪ ಬಂತು. ಬೇಳೆ ಬೆಂದಿತ್ತು, ರುಚಿ ಸ್ವಲ್ಪ ಕೆಟ್ಟಿತ್ತು. ಊಟವಾದ ಮೇಲೆ ಅವನು ಹಿತ್ತಲಿಗೆ ಹೋಗಿ ಸೋಪು ಹಚ್ಚಿ ಕೈ ತೊಳೆದುಕೊಂಡ. ಸವಳು ನೀರಿಗೆ ನೊರೆ ಬರಲಿಲ್ಲ. ಇನ್ನೊಮ್ಮೆ ಹಚ್ಚಿದ.